ತೊಟ್ಟಿಲ ದೊಣೆ, ಇಂಗ್ಲಿಷಿನಲ್ಲಿ

"ಸರ್, ಹೋದ ಸಂಡೇ ಕ್ರೇಡಲ್ ಲೇಕ್ ಮಾಡಿದ್ವಿ" ಎಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೇಳಿದ. ಕೋಲಾರದ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದೆವು. ಲೇಕನ್ನು ಹೇಗಪ್ಪ ಮಾಡುವುದು ಎಂದು ನಾನು ಕೇಳಲಿಲ್ಲ. ಕಾಲೇಜಿನಲ್ಲಿ ಅಷ್ಟು ವರ್ಷ ಇಂಗ್ಲಿಷ್ ಪಾಠ ಹೇಳಿದವನಿಗೆ ಆ ಬಳಕೆ ಗೊತ್ತಿತ್ತು. ನೋಡುವಂಥ ಜಾಗಗಳನ್ನು ಈಗ ಎಲ್ಲರೂ ಮಾಡುತ್ತಾರೆ, ಮಾಡಿ ಮುಗಿಸುತ್ತಾರೆ. ಅದೆಲ್ಲಿದೆ ಎಂದು ಮಾತ್ರ ಕೇಳಿದೆ.

"ನಿಮ್ಮ ಕಡೇನೇ ಸರ್! ನಿಮ್ಗೆ ಗೊತ್ತಿಲ್ವಾ?" ಎಂದು ಫೋನು ತೆಗೆದು ತೋರಿಸಿದ. ಮುಳಬಾಗಿಲಿಗೂ ಶ್ರೀನಿವಾಸಪುರಕ್ಕೂ ನಡುವಿನ ಬೆಟ್ಟಸಾಲು. ಬೂದುಬಣ್ಣದ ನಕ್ಷೆಯ ಮೇಲೆ ನೀಲಿಯ ಒಂದು ಚುಕ್ಕೆ, ಪಕ್ಕದಲ್ಲಿ ಇಂಗ್ಲಿಷಿನ ಎರಡು ಪದ. ಆಮೇಲೆ ಅವನು ಫೋಟೋಗಳನ್ನು ಸರಿಸುತ್ತಾ ಹೋದ. ನಾಲ್ಕು ಹುಡುಗರು ಬಂಡೆಯ ಮೇಲಿಂದ ಹಾರಿ ಗಾಳಿಯಲ್ಲಿ ನಿಂತಿದ್ದಾರೆ. ಹಿಂದೆ ನೀರು. ಆ ನೀರನ್ನು ನೋಡಿದ ಮೇಲೆಯೇ ನನಗೆ ಅದು ನಮ್ಮ ತೊಟ್ಟಿಲ ದೊಣೆ ಎಂದು ಗೊತ್ತಾದದ್ದು.

ಆ ಫೋಟೋದಲ್ಲಿ ದೊಣೆಯ ದಂಡೆಯ ಮರ ಇತ್ತೇ? ಈಗ ಎಷ್ಟು ತಲೆ ಕೆರೆದುಕೊಂಡರೂ ನೆನಪಾಗುವುದಿಲ್ಲ. ಇತ್ತು ಎನ್ನಿಸುತ್ತದೆ, ಹುಡುಗರ ಎಡಕ್ಕೆ, ಬೋಳಾಗಿ. ಆದರೆ ಅದು ಆಮೇಲೆ ಕಣ್ಣಾರೆ ಕಂಡ ಮರವನ್ನು ನಾನೇ ತಂದು ಫೋಟೋದೊಳಗೆ ನೆಟ್ಟಿರುವುದೂ ಇರಬಹುದು. ಆವತ್ತು ನಿಜವಾಗಿ ನೋಡಿದ್ದರೆ, ಮುಂದಿನ ವಾರ ಅಕ್ಕನನ್ನು ಆ ಬೆಟ್ಟ ಹತ್ತಿಸುತ್ತಿರಲಿಲ್ಲ.

ಅನುವಾದದಲ್ಲಿ ತಪ್ಪು ಹುಡುಕಲು ಆಗುವುದಿಲ್ಲ. ತೊಟ್ಟಿಲಿಗೆ ಇಂಗ್ಲಿಷಿನಲ್ಲಿ ಕ್ರೇಡಲ್ ಎಂದೇ ಹೇಳುವುದು. ದೊಣೆಯನ್ನು ಲೇಕ್ ಎಂದದ್ದು ಸ್ವಲ್ಪ ಹೆಚ್ಚಾಯಿತು. ಬಂಡೆಯ ನೆತ್ತಿಯಲ್ಲಿ ಮಳೆನೀರು ನಿಲ್ಲುವ ಕುಳಿಗೆ ನಾವು ದೊಣೆ ಎನ್ನುತ್ತೇವೆ. ಇದು ಮದುವೆಮನೆಯ ಶಾಮಿಯಾನದಷ್ಟು ಅಗಲ ಇದೆ, ಬೇಸಿಗೆಯಲ್ಲೂ ಪೂರ್ತಿ ಒಣಗುವುದಿಲ್ಲ, ಅಷ್ಟೆ. ಆದರೆ ದೊಣೆಗೆ ಇಂಗ್ಲಿಷಿನಲ್ಲಿ ಏನೆನ್ನಬೇಕು ಎಂದು ನನ್ನನ್ನು ಕೇಳಿದ್ದರೆ ನಾನೂ ತಡಕಾಡುತ್ತಿದ್ದೆ. ಯಾರು ಈ ಹೆಸರಿಟ್ಟರೋ ಗೊತ್ತಿಲ್ಲ. ಫೋನಿನಲ್ಲಿ ಹುಡುಕಿದಾಗ ಅರ್ಥ ವಿವರಿಸುವವರೂ ಸಿಕ್ಕಿದರು. ನೀರು ನಿಂತ ಕುಳಿ ತೊಟ್ಟಿಲಿನ ಆಕಾರದಲ್ಲಿದೆ, ಅದಕ್ಕೆ ಈ ಹೆಸರು ಎಂದು ಒಬ್ಬರು. ಮಕ್ಕಳಿಲ್ಲದ ದಂಪತಿಗಳು ಇಲ್ಲಿ ತೊಟ್ಟಿಲು ಕಟ್ಟಿ ಹರಕೆ ಹೊರುತ್ತಾರೆ ಎಂದು ಇನ್ನೊಬ್ಬರು. ಬೇರೆ ಎಷ್ಟೋ ಬೆಟ್ಟಗಳಲ್ಲಿ, ಗುಡಿಗಳಲ್ಲಿ ಹಾಗೆ ಕಟ್ಟುವುದುಂಟು. ಇಲ್ಲಿ ಹಾಗಲ್ಲ.

ಇಲ್ಲಿ ಕಟ್ಟುವುದು ಹುಟ್ಟಿ ಉಳಿಯದ ಕೂಸುಗಳಿಗೆ. ನಾಮಕರಣಕ್ಕೆ ಮುಂಚೆಯೇ ಹೋದ ಕೂಸುಗಳಿಗೆ ಮಾತ್ರ. ಹೆಸರಿಟ್ಟ ಮೇಲೆ ಹೋದರೆ ಆ ಮಗುವಿಗೆ ಹೆಸರಿರುತ್ತದೆ, ಅಳುವವರಿಗೆ ಕರೆದು ಅಳಲು ಒಂದು ಮಾತಿರುತ್ತದೆ. ಹೆಸರಿಲ್ಲದ್ದನ್ನು ಏನೆಂದು ಕರೆಯುವುದು? ತಾಯಿ ತನ್ನ ಸೀರೆಯ ತುಂಡಿನಲ್ಲಿ ಒಂದು ಹಿಡಿ ರಾಗಿ ಹಾಕಿ, ಕೂಸನ್ನು ಸುತ್ತಿದ ಹಾಗೆ ಸುತ್ತಿ, ದೊಣೆಯ ದಂಡೆಯ ಅತ್ತಿಮರಕ್ಕೆ ಜೋಲಿ ಕಟ್ಟಿ ಬರುತ್ತಾಳೆ. ವರ್ಷಕ್ಕೊಮ್ಮೆ, ಶಿವರಾತ್ರಿ ಕಳೆದ ಮೇಲೆ, ಹೋಗಿ ಹಳೆಯದರ ಮೇಲೆಯೇ ಹೊಸ ತುಂಡು ಸುತ್ತುತ್ತಾಳೆ. ಹೀಗಾಗಿ ಆ ಗಂಟುಗಳು ಬೆಳೆಯುತ್ತವೆ. ಬೆಳೆಯುತ್ತವೆ ಎಂದೇ ನಮ್ಮ ಹೆಂಗಸರು ಹೇಳುವುದು. "ಈ ಸಲ ದಪ್ಪ ಆಗವ್ನೆ" ಎಂದು ಅಕ್ಕ ಒಮ್ಮೆ ಹೇಳಿದ್ದಳು, ನಗುತ್ತಾ.

ಅವಳ ಮೊದಲ ಕೂಸು ಗಂಡು. ನಮ್ಮ ಮನೆಯಲ್ಲಿ ಅದನ್ನು 'ದೊಣೆಯೋನು' ಎನ್ನುತ್ತಿದ್ದೆವು. ಬೇರೆ ಹೆಸರು ಯಾವುದೂ ಇರಲಿಲ್ಲ. "ನಮ್ಮ ದೊಣೆಯೋನು ಇದ್ದಿದ್ರೆ ಈ ವರ್ಷ ಸ್ಕೂಲಿಗೆ ಹೋಗೋನು." "ದೊಣೆಯೋನು ಇದ್ದಿದ್ರೆ ನಿನ್ನ ಹಿಂಗೆ ಆಡೋಕೆ ಬಿಡ್ತಿದ್ನಾ?" ಈ ಎರಡನೆಯದು ಅವಳ ಮಗಳಿಗೆ, ಅವನಾದ ಮೇಲೆ ಹುಟ್ಟಿದವಳಿಗೆ, ಬೈಯುವಾಗ. ಹೊರಗಿನವರು ಕೇಳಿದರೆ ಯಾರೋ ದೊಣೆಯ ಪಕ್ಕದಲ್ಲಿ ಮನೆ ಮಾಡಿಕೊಂಡಿರುವ ನೆಂಟರ ವಿಷಯ ಎಂದುಕೊಳ್ಳಬೇಕು.

ಮೊದಲ ಸಲ ಕಟ್ಟಲು ಹೋದಾಗ ನಾನೂ ಜೊತೆಗಿದ್ದೆ. ಚಿಕ್ಕವನು. ಅಕ್ಕನ ಸೀರೆಯ ತುಂಡು ಹಸಿರಿತ್ತು, ನನಗೆ ಚೆನ್ನಾಗಿ ನೆನಪಿದೆ. ಅಕ್ಕ ಅದನ್ನು ಹಳದಿ ಎನ್ನುತ್ತಿದ್ದಳು. "ಹಸಿರು ಸೀರೆ ನಂಗೆ ಸೀಮಂತಕ್ಕೆ ಉಡ್ಸಿದ್ದು. ಅದನ್ನ ಹರೀತೀನಾ? ಬಾಣಂತನದಲ್ಲಿ ಉಟ್ಟಿದ್ದು ಹಳದಿ ಹತ್ತಿ ಸೀರೆ ಕಣೋ." ಅವಳ ಮಾತಿನಲ್ಲಿ ಕಾರಣವಿದೆ, ನನ್ನಲ್ಲಿ ಬರೀ ಬಣ್ಣವಿದೆ. ಹಾಗಾಗಿ ಅವಳದೇ ಸರಿಯಿರಬೇಕು. ಆದರೂ ನಾನು ಕಣ್ಣು ಮುಚ್ಚಿದರೆ ಇವತ್ತಿಗೂ ಅದು ಹಸಿರೇ.

ಕಟ್ಟಿದವಳೇ ಬಿಚ್ಚಬೇಕು. ಇದು ಆ ಪದ್ಧತಿಯ ಇನ್ನೊಂದು ಕೊನೆ. ತನಗೆ ವಯಸ್ಸಾಗಿ, ಇನ್ನು ಹೆಚ್ಚು ದಿನವಿಲ್ಲ ಎಂದು ಗೊತ್ತಾದಾಗ ತಾಯಿ ಹೋಗಿ ತನ್ನ ಕೈಯಾರೆ ಗಂಟು ಬಿಚ್ಚಿ, ರಾಗಿಯನ್ನು ನೀರಿಗೆ ಬಿಡುತ್ತಾಳೆ. ಅಲ್ಲಿಗೆ ಕೂಸಿಗೆ ಬಿಡುಗಡೆ. ಬಿಚ್ಚದೆ ಅವಳೇ ಹೋಗಿಬಿಟ್ಟರೆ ಅದು ಅಲ್ಲೇ ಜೋಲಾಡುತ್ತಿರುತ್ತದೆ, ಯಾರದ್ದೆಂದು ಹೇಳುವವರಿಲ್ಲದೆ. ಬಿಚ್ಚುವಾಗ ಅದರ ಬೆನ್ನಿಗೆ ಹುಟ್ಟಿದ ಮಕ್ಕಳು ಅಲ್ಲಿರಬಾರದು. ಅವರನ್ನು ಕಂಡರೆ ಕೂಸು ಹೋಗಲು ಒಪ್ಪುವುದಿಲ್ಲವಂತೆ. ನಾನು ಇದನ್ನು ನಂಬುತ್ತೇನೆಯೇ ಎಂದು ಯಾರೂ ಕೇಳಬೇಡಿ. ಅಕ್ಕ ನಂಬಿದ್ದಳು.

ಮೊಣಕಾಲು ನೋವಿನಿಂದ ಕೆಲವು ವರ್ಷಗಳಿಂದ ಅವಳು ಹತ್ತುವುದನ್ನು ಬಿಟ್ಟಿದ್ದಳು. ಆಮೇಲೆ ಹೊಟ್ಟೆಯಲ್ಲಿ ಗಡ್ಡೆ ಎಂದಾಯಿತು. ಕೋಲಾರದ ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನೂ ಅವಳ ಮಗಳನ್ನೂ ಹೊರಗೆ ಕರೆದು ಇಂಗ್ಲಿಷಿನಲ್ಲಿ ಹೇಳಿದರು. ಒಳಗೆ ಬಂದಾಗ ಅಕ್ಕ ಕಾಲಿಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. "ಇಂಗ್ಲಿಷಲ್ಲಿ ಹೇಳಿದ್ರು ಅಂದ್ಮೇಲೆ ಗೊತ್ತಾಯ್ತು ಬಿಡು" ಎಂದಳು. ಶ್ರೀನಿವಾಸಪುರದ ಹತ್ತಿರದ ಅವಳ ಊರಿಗೆ ಬಿಟ್ಟು ಬಂದೆ. ಎರಡು ದಿನ ಬಿಟ್ಟು ಫೋನು ಬಂತು.

"ಲೇ, ಮೇಲಕ್ಕೆ ಹೋಗ್ಬೇಕು ಕಣೋ."

"ಯಾವ ಮೇಲಕ್ಕೆ?"

"ಇನ್ನೊಂದು ಮೇಲಕ್ಕೆ ಹೋಗೋಕೆ ನಿನ್ನ ಯಾಕೆ ಕರೀಲಿ? ದೊಣೆಗೆ ಕಣೋ. ಬಿಚ್ಬೇಕು."

ಮಾಲೂರಿನಿಂದ ಮಗಳು ತಾನೂ ಬರುತ್ತೇನೆಂದು ಹಟ ಹಿಡಿದಳು. ಅಕ್ಕ ಬೇಡವೆಂದಳು. "ನೀನು ಬಂದ್ರೆ ಅವ್ನು ನಿನ್ ಸೆರಗು ಹಿಡ್ಕೊಂತಾನೆ" ಎಂದಳು. ಮಗಳು ಫೋನಿನಲ್ಲೇ ಅತ್ತಳು. ಕೊನೆಗೆ, ಬಿಚ್ಚಿದ ತಕ್ಷಣ ನಾನು ಫೋನು ಮಾಡಿ ಹೇಳಬೇಕು ಎಂದು ಮಾತಾಯಿತು.

ಬೆಳಿಗ್ಗೆಯೇ ಆಟೋದಲ್ಲಿ ಬೆಟ್ಟದ ಬುಡಕ್ಕೆ ಬಂದೆವು. ಬುಡದಲ್ಲಿ ಈಗ ಒಂದು ಅಂಗಡಿ ಆಗಿದೆ. ನೀರಿನ ಬಾಟಲಿ, ಚಿಪ್ಸು, ಖಾರದಪುಡಿ ಹಾಕಿದ ಮಾವಿನಕಾಯಿ ಹೋಳು. ಅಂಗಡಿಯ ಹೆಂಗಸು ಅಕ್ಕನ ಮುಖ ನೋಡಿ, "ಈಯಮ್ಮ ಹತ್ತುತ್ತಾ ಸಾರ್?" ಎಂದು ನನ್ನನ್ನು ಕೇಳಿದಳು. ಅಕ್ಕ, "ಅವನು ಹತ್ತುತಾನಾ ಅಂತ ನನ್ನ ಕೇಳಮ್ಮ" ಎಂದು ಮುಂದೆ ನಡೆದಳು.

ಮೊದಲ ಭಾಗ ಬಂಡೆಯಲ್ಲೇ ಕಡಿದ ಮೆಟ್ಟಿಲು. ಅಕ್ಕ ಮೆಟ್ಟಿಲಿಗೊಮ್ಮೆ ನಿಂತು, ಕೈಯನ್ನು ಹೊಟ್ಟೆಗೆ ಒತ್ತಿಕೊಂಡು, ಮತ್ತೆ ಹತ್ತುತ್ತಿದ್ದಳು. ನಾನು ತೋಳು ಹಿಡಿದರೆ ಕೊಡವಿದಳು. "ಕಾಯಿಲೆಯೋಳು ನಾನು, ಏದುಸಿರು ಬಿಡೋನು ನೀನು. ಕುರ್ಚಿ ಮೇಲೆ ಕೂತು ಕೂತು ಹಿಂಗಾಗಿದ್ದೀಯ ಮೇಷ್ಟ್ರೇ." ಮೇಲಿನಿಂದ ಇಳಿಯುತ್ತಿದ್ದ ಹುಡುಗಿಯರ ಗುಂಪು ದಾರಿ ಬಿಟ್ಟು ನಿಂತಿತು. ಒಬ್ಬಳು ಹೆಬ್ಬೆರಳೆತ್ತಿ, "ಸೂಪರ್ ಆಂಟಿ! ಇನ್ನೇನ್ ಬಂದೇಬಿಡ್ತು!" ಎಂದಳು.

"ಏನ್ಲಾ, ಸೂಪರ್ ಅಂದಿದ್ದು ಯಾರನ್ನ?"

"ನಿನ್ನನ್ನೇ ಅಕ್ಕ."

"ನಿಮ್ ಭಾವ ಒಂದ್ ದಿನ ಅನ್ಲಿಲ್ಲ ನೋಡು."

ನಡುವೆ ಒಂದು ಕಡೆ ಕೂತಾಗ ಮಡಿಲಿನಿಂದ ಒಂದು ತುಂಡು ಬಟ್ಟೆ ತೆಗೆದು ತೋರಿಸಿದಳು. ಹೊಸದು, ಅಂಚಿನಲ್ಲಿ ಇನ್ನೂ ಕತ್ತರಿಯ ಗುರುತು. ತಪ್ಪಿಹೋದ ವರ್ಷಗಳಿಗೆಲ್ಲ ಸೇರಿಸಿ ಒಂದು ಸುತ್ತು ಸುತ್ತಿ, ಆಮೇಲೆ ಬಿಚ್ಚುತ್ತಾಳಂತೆ. ಸುತ್ತಿ ಬಿಚ್ಚುವುದಕ್ಕೆ ಸುತ್ತುವುದು ಯಾಕೆ ಎಂದೆ. "ಬರಿಮೈಯಲ್ಲಿ ಕಳಿಸ್ತಾರೇನೋ?" ಎಂದಳು.

ನೆತ್ತಿಗೆ ಬಂದಾಗ ಮೊದಲು ಕಂಡದ್ದು ಬೋರ್ಡು. ಹಸಿರು ತಗಡು, ಬಿಳಿಯ ದೊಡ್ಡ ಅಕ್ಷರ, ಇಂಗ್ಲಿಷಿನಲ್ಲಿ ಮಾತ್ರ. ಅದರ ಕೆಳಗೆ ಸ್ವಚ್ಛವಾಗಿಡಿ ಎಂಬ ಕೋರಿಕೆ, ಅದೂ ಇಂಗ್ಲಿಷಿನಲ್ಲಿ. ಅಕ್ಕ ಕೇಳಿದಳು, "ಏನಂತೆ?"

"ತೊಟ್ಟಿಲ ಕೆರೆ ಅಂತ."

"ಕೆರೆ ಅಲ್ವಲ್ಲೋ ಇದು."

"ಹಂಗೆ ಬರ್ದವ್ರೆ."

"ಯಾರ್ ತೊಟ್ಟಿಲು ಅಂತ ಬರ್ದಿಲ್ವಾ?"

"ಇಲ್ಲ ಅಕ್ಕ."

ಈ ಮಾತು ನಡೆದದ್ದು ಮರವನ್ನು ನೋಡುವ ಮೊದಲೋ ಆಮೇಲೋ, ನನಗೆ ಖಚಿತವಿಲ್ಲ. ಬೋರ್ಡು ಮೊದಲು ಸಿಗುತ್ತದೆ, ಆದ್ದರಿಂದ ಮೊದಲು ಇಟ್ಟಿದ್ದೇನೆ. ಆದರೆ ನನಗೆ ಕೇಳಿಸುವ ಅವಳ ದನಿ ಮರವನ್ನು ನೋಡಿದ ಮೇಲಿನ ದನಿ.

ಮರ ಬೋಳಾಗಿತ್ತು. ಎಲೆಗಳಿದ್ದವು, ಎಲೆಗಳ ನಡುವೆ ಏನೂ ಇರಲಿಲ್ಲ. ಒಂದು ಕಾಲಕ್ಕೆ ಆ ಮರದ ಕೆಳಕೊಂಬೆಗಳಲ್ಲಿ ಕೈ ಇಡಲು ಜಾಗವಿರುತ್ತಿರಲಿಲ್ಲ. ಬಿಸಿಲಿಗೆ ಬಣ್ಣ ಹೋದ ಗಂಟುಗಳು, ಒಂದಕ್ಕೊಂದು ತಾಗಿ. ಗಾಳಿ ಬೀಸಿದರೆ ಎಲ್ಲವೂ ಒಟ್ಟಿಗೆ ತೂಗುತ್ತಿದ್ದವು. ಈಗ ಅಲ್ಲಲ್ಲಿ ತುಂಡಾದ ದಾರದ ಮೊನೆಗಳು. ಬುಡದಲ್ಲಿ ನೀಲಿ ಬಣ್ಣದ ಕಸದ ಡಬ್ಬ.

ಅಕ್ಕ ಮರವನ್ನು ಒಂದು ಸುತ್ತು ಬಂದಳು. "ಇದೇ ಮರಾನಾ?" ಎಂದಳು.

"ಇಲ್ಲಿ ಬೇರೆ ಮರ ಎಲ್ಲೈತಕ್ಕ?"

ಅವಳು ದೊಣೆಯ ಕಡೆ ಚಾಚಿದ ಒಂದು ಕೊಂಬೆಯ ಕೆಳಗೆ ಹೋಗಿ ನಿಂತು ಕೈಯೆತ್ತಿದಳು. "ಇದು ನನ್ನ ಕೈಗೆ ಸಲೀಸಾಗಿ ಎಟುಕ್ತಿತ್ತು. ಈಗ ಮೇಲಕ್ಕೋಗೈತೆ" ಎಂದಳು. ಕೊಂಬೆ ಹಾಗೆ ಮೇಲಕ್ಕೆ ಹೋಗುವುದಿಲ್ಲ. ಕುಗ್ಗಿದ್ದವಳು ಅಕ್ಕ. ತುದಿಗಾಲಲ್ಲಿ ನಿಂತು ತೊಗಟೆಯನ್ನು ಹೆಬ್ಬೆರಳಿನಿಂದ ಸವರುತ್ತಾ ಹೋದಳು. ದಾರ ಬಿಗಿದ ಕಡೆಯೆಲ್ಲ ತೊಗಟೆ ಉಂಗುರದ ಹಾಗೆ ಒಳಕ್ಕೆ ಹೋಗಿತ್ತು. ಒಂದು ಉಂಗುರದ ಮೇಲೆ ಬೆರಳು ನಿಂತಿತು. "ಇಲ್ಲೇ. ಈ ಕವೆಯಿಂದ ಒಂದು ಗೇಣು." ಗೇಣು ಹಾಕಿ ನೋಡಿದಳು. ಸರಿಯಾಗಿ ಬಂತು. ಬಂದು ಏನು ಪ್ರಯೋಜನ?

ಅಲ್ಲಿ ನಾವಿಬ್ಬರೇ ಇರಲಿಲ್ಲ. ಬಂಡೆಯ ನೆರಳಿನಲ್ಲಿ ಒಂದು ಜೋಡಿ ಕೂತಿತ್ತು. ಕೋಲಾರದವರು, ಮುಸ್ಲಿಮರು. ಗಂಡ ಪೇಟೆಯಲ್ಲಿ ಪಾತ್ರೆ ಅಂಗಡಿಯವನು ಎಂದು ಆಮೇಲೆ ಮಾತಿನಲ್ಲಿ ತಿಳಿಯಿತು. ಆ ಹುಡುಗಿ ಎದ್ದು ಅಕ್ಕನ ಹತ್ತಿರ ಬಂದಳು. ಕೈಯಲ್ಲಿ ಮರದ ಪುಟ್ಟ ಆಟಿಕೆ ತೊಟ್ಟಿಲು, ಕೆಂಪು ಹಳದಿ ಅರಗಿನ ಬಣ್ಣದ್ದು.

"ಅಮ್ಮ, ನೀವೂ ಇಲ್ಲಿ ಕಟ್ಟಿದ್ರಾ?"

"ಹೂನಮ್ಮ, ಕಟ್ಟಿದ್ದೆ."

"ಮಕ್ಳಾದ್ವಾ?"

ಅಕ್ಕ ಅವಳ ಕೈಯಲ್ಲಿದ್ದ ತೊಟ್ಟಿಲನ್ನು ನೋಡಿದಳು. "ಆದ್ವು" ಎಂದಳು.

ಹುಡುಗಿಯ ಮುಖ ಅರಳಿತು. "ಮ್ಯಾಪಲ್ಲಿ ಕ್ರೇಡಲ್ ಲೇಕ್ ಅಂತ ಇತ್ತು. ಓದ್ದೆ. ಇವರನ್ನ ಎಳ್ಕೊಂಡು ಬಂದೆ. ಇಲ್ನೋಡಿದ್ರೆ ಒಂದೂ ಇಲ್ಲ. ಕಟ್ಬೇಕೋ ಬೇಡವೋ ಅಂತ ಕೂತಿದ್ವಿ. ನಿಮ್ ಕೈಯಿಂದ ಕಟ್ಕೊಡಿ ಅಮ್ಮ. ನಿಮ್ದು ಆಗಿರೋ ಕೈ."

ಅಕ್ಕ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. "ಬೇಡಮ್ಮ. ಇಲ್ಲಿ ಕಟ್ಬೇಡ."

"ಯಾಕೆ?"

"ಬೇಡ ಅಂದೆ."

ಗಂಡ ಎದ್ದ. ಮೆಲ್ಲಗೆ, ಹೆಂಡತಿಗೆ ಮಾತ್ರ ಕೇಳುವಂತೆ, "ಚಲೋ, ಇನ್ಕು ಅಪನ್ ಆಯೇಸೋ ಪಸಂದ್ ನೈ" ಎಂದ. ನಾವು ಬಂದದ್ದು ಇವರಿಗೆ ಇಷ್ಟವಿಲ್ಲ, ನಡಿ ಎಂದು. ಅಕ್ಕ ಅವನ ಕಡೆ ತಿರುಗಿದಳು.

"ಯಾರಪ್ಪ ನೈ ಅಂದಿದ್ದು? ನಾನು ಹುಟ್ಟಿ ಬೆಳೆದಿದ್ದು ಸಾಬ್ರ ಮನೆಗಳ ಗೋಡೆ ಪಕ್ಕದಲ್ಲೇ. ನೀನು ಪಿಸುಗುಟ್ಟಿದ್ರೂ ತಿಳೀತೈತೆ. ನಿಮ್ಮೋರೂ ಕಟ್ತಿದ್ರು ಇಲ್ಲಿ. ನಾನು ಕಟ್ಟಿದ ವರ್ಷ ನಮ್ ಪಕ್ಕದ್ಮನೆ ಬೂಬಮ್ಮನೂ ಕಟ್ಟಿದ್ಲು. ಇಬ್ರೂ ಒಟ್ಗೆ ಹತ್ತಿದ್ವಿ."

ಅವನು ತಬ್ಬಿಬ್ಬಾಗಿ, "ಹಂಗಲ್ಲ ಅಮ್ಮ" ಎಂದ. ಅಕ್ಕ ಹುಡುಗಿಯ ಮೊಣಕೈ ಹಿಡಿದು ನೀರಿನ ಹತ್ತಿರಕ್ಕೆ ಕರೆದುಕೊಂಡು ಹೋದಳು. ಏನು ಹೇಳಿದಳೆಂದು ನಮಗೆ ಕೇಳಿಸಲಿಲ್ಲ. ಆ ಹುಡುಗಿ ತೊಟ್ಟಿಲನ್ನು ಎದೆಗೆ ಒತ್ತಿಕೊಂಡದ್ದು ಮಾತ್ರ ಕಂಡಿತು. ಆಮೇಲೆ ಅದನ್ನು ಬ್ಯಾಗಿನೊಳಗೆ ಹಾಕಿ ಜಿಪ್ಪು ಎಳೆದಳು. ಗಂಡ ನನ್ನನ್ನು ನೋಡಿದ, ನಾನು ಬೇರೆ ಕಡೆ ನೋಡಿದೆ.

ಹೊರಡುವ ಮುಂಚೆ ಅವಳು ಮತ್ತೆ ಅಕ್ಕನ ಹತ್ತಿರ ಬಂದಳು. ಬ್ಯಾಗಿನ ಜಿಪ್ಪು ತೆಗೆದಿತ್ತು. "ಅಮ್ಮ, ನಿಮ್ದು ಇಲ್ವಲ್ಲ ಈಗ. ಇದನ್ನ ಇಟ್ಕೊಳ್ಳಿ. ಇದನ್ನೇ ಕಟ್ಟಿ, ಇದನ್ನೇ ಬಿಚ್ಚಿ. ಅದಕ್ಕೇ ಸೇರುತ್ತೆ."

ಕಥೆ ಬರೆಯುವವರ ಕೈಗೆ ಸಿಕ್ಕಿದ್ದರೆ ಅಕ್ಕ ಅದನ್ನು ತೆಗೆದುಕೊಳ್ಳುತ್ತಿದ್ದಳು. ಇಬ್ಬರು ಹೆಂಗಸರೂ ಸೇರಿ ಕಟ್ಟುತ್ತಿದ್ದರು, ಬಿಚ್ಚುತ್ತಿದ್ದರು, ನೀರಿನಲ್ಲಿ ಉಂಗುರಗಳು ಏಳುತ್ತಿದ್ದವು. ನನ್ನ ಕೈಯೂ ಆ ಕಡೆ ವಾಲುತ್ತದೆ. ಆದರೆ ಅಕ್ಕ ತಲೆಯಾಡಿಸಿದಳು. "ಇದು ನಿನ್ ಮಗೂದು ಕಣವ್ವ. ಅದರದ್ದನ್ನ ಇವನಿಗೆ ಹೆಂಗೆ ಕೊಡ್ಲಿ? ಮನೇಲಿ ಇಡು. ಆಗ್ತೈತೆ" ಎಂದಳು. ಹುಡುಗಿಯ ಗಲ್ಲ ಸವರಿದಳು. ಅವರಿಬ್ಬರೂ ಇಳಿದುಹೋದರು. ಏನು ಹೇಳಿದೆ ಎಂದು ನಾನು ಕೇಳಿದ್ದಕ್ಕೆ, "ಇದು ಉಳೀದಿರೋ ಕೂಸುಗಳ ಜಾಗ ಅಂದೆ. ಸುಳ್ ಹೇಳೋಣ ಅಂತಿದ್ದೆ, ಬರ್ಲಿಲ್ಲ" ಎಂದಳು.

ಆಮೇಲೆ ಅವಳು ಹುಡುಕತೊಡಗಿದಳು. ಗಾಳಿಗೆ ಬಿದ್ದಿರಬಹುದು ಎಂದು ಪೊದೆಗಳ ಸಂದಿ, ಬಂಡೆಗಳ ಬಿರುಕು. ಕಸದ ಡಬ್ಬದೊಳಗೂ ಬಗ್ಗಿ ನೋಡಿದಳು. ನೀರಿನ ಬಾಟಲಿಗಳು, ಬಿಸ್ಕತ್ತಿನ ಕಾಗದಗಳು. "ಅಕ್ಕ, ಸಾಕು" ಎಂದೆ. "ಕೆಳಗೆ ಯಾರನ್ನಾದ್ರೂ ಕೇಳೋಣ" ಎಂದೆ. ಕೇಳುವುದು ಎಂದ ಮೇಲೆ ಅವಳು ಒಪ್ಪಿದಳು. ಇಳಿಯುವಾಗ ನನ್ನ ತೋಳು ಹಿಡಿದುಕೊಂಡಳು. ಕೊಡವಲಿಲ್ಲ.

ಅಂಗಡಿಯ ಹೆಂಗಸು ಬೆಂಚು ಒರೆಸಿ ಕೂರಿಸಿ, ನೀರು ಕೊಟ್ಟಳು. ಮರದ ಮೇಲಿನ ಗಂಟುಗಳು ಏನಾದವು ಎಂದು ನಾನು ಕೇಳಿದೆ.

"ಓ ಅದಾ? ಹುಡುಗ್ರು ಬಂದಿದ್ರು ಸಾರ್, ಬೆಂಗ್ಳೂರಿಂದ, ಒಂದ್ ಬಸ್ಸು. ಕೈಗೆಲ್ಲ ಗ್ಲೌಸು. ಬೆಟ್ಟ ಎಲ್ಲಾ ಕ್ಲೀನ್ ಮಾಡಿ ಮೂಟೆ ಮೂಟೆ ಇಳ್ಸಿದ್ರು. ಮಂಚಿ ಪಿಲ್ಲಲು ಸಾರ್, ಒಳ್ಳೆ ಮಕ್ಳು. ನನ್ನಂಗ್ಡಿ ಮುಂದೇನೂ ಗುಡಿಸ್ಕೊಟ್ರು. ಲೇಕು ಕ್ಲೀನಾಗಿರ್ಬೇಕಂತೆ."

"ಬಟ್ಟೆ ಗಂಟುಗಳು?"

"ಪ್ಲಾಸ್ಟಿಕ್ಕೆಲ್ಲ ಬಸ್ಸಲ್ಲಿ ತಗೊಂಡೋದ್ರು. ಹಳೇ ಬಟ್ಟೆ ಯಾರು ಹೊರ್ತಾರೆ? ಅಲ್ಲೇ ಹಿಂದ್ಗಡೆ ಸುಟ್ರು." ಅಂಗಡಿಯ ಹಿಂದಿನ ಖಾಲಿ ಜಾಗಕ್ಕೆ ಕೈ ತೋರಿಸಿದಳು. ಕಪ್ಪಾದ ನೆಲ, ಅದರ ಮೇಲೆ ಆಗಲೇ ಹುಲ್ಲು ಬಂದಿತ್ತು.

ಅವಳು ಆಂಧ್ರದ ಗಡಿಯಿಂದ ಈಚೆಗೆ ಬಂದವಳು. ಬಸ್ಸಿನಲ್ಲಿ ಬಂದ ಮಕ್ಕಳಿಗಾಗಲಿ ಅವಳಿಗಾಗಲಿ ಅದೇನೆಂದು ಯಾರು ಹೇಳಿರುತ್ತಾರೆ? ಬೋರ್ಡು ಹೇಳುವುದಿಲ್ಲ. ನಕ್ಷೆ ಹೇಳುವುದಿಲ್ಲ. ಕ್ರೇಡಲ್ ಎಂಬ ಮಾತಿನಲ್ಲಿ ಕೂಸು ಇದ್ದೇ ಇರುತ್ತದೆ, ಆದರೆ ಮುಂದೆ ಬರಲಿರುವ ಕೂಸು. ನಾನು ಇಂಗ್ಲಿಷನ್ನು ದೂರಲು ಎಷ್ಟೋ ಸಲ ಪ್ರಯತ್ನಿಸಿದ್ದೇನೆ. ದೂರಿದರೆ ಸ್ವಲ್ಪ ಹಗುರವಾಗುತ್ತಿತ್ತು. ಆದರೆ ಕನ್ನಡದಲ್ಲಿ ತೊಟ್ಟಿಲ ದೊಣೆ ಎಂದು ಬರೆದಿದ್ದರೂ ಓದಿದವರಿಗೆ ಏನು ತಿಳಿಯುತ್ತಿತ್ತು? ಆ ಹೆಸರು ಅರ್ಥವನ್ನು ಎಂದೂ ಹೊತ್ತಿರಲಿಲ್ಲ. ಹೊತ್ತಿದ್ದವರು ಬೆಟ್ಟ ಹತ್ತಿ ಹೋಗುತ್ತಿದ್ದ ಹೆಂಗಸರು. ಅವರು ಯಾರಿಗೂ ಬಿಡಿಸಿ ಹೇಳಲಿಲ್ಲ. ಹೇಳುವಂಥದ್ದಲ್ಲ ಎಂದೇ ಅವರಿಗೆ ಗೊತ್ತಿದ್ದದ್ದು.

ಅಕ್ಕ ಗ್ಲಾಸನ್ನು ಬೆಂಚಿನ ಮೇಲಿಟ್ಟಳು. ಜೋರಾಗಿ ಮಾತನಾಡಲಿಲ್ಲ.

"ಸುಟ್ರಾ?" ಎಂದಳು. "ಎಳೆ ಕೂಸನ್ನ ಸುಡಲ್ಲ ಕಣಮ್ಮ ನಾವು. ಹೂಳ್ತೀವಿ."

ಅಂಗಡಿಯವಳಿಗೆ ಮೊದಲು ಅರ್ಥವಾಗಲಿಲ್ಲ. ನನ್ನ ಮುಖ ನೋಡಿದಳು, ಅಕ್ಕನ ಮುಖ ನೋಡಿದಳು. ಆಮೇಲೆ, "ಅಯ್ಯೋ ತಲ್ಲೀ" ಎಂದು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ನಂಗೊತ್ತಿರ್ಲಿಲ್ಲಮ್ಮ. ಗೊತ್ತಿದ್ರೆ ಸುಡೋಕೆ ಬಿಡ್ತಿದ್ನಾ? ಬೆಂಕಿಪೊಟ್ಣ ಕೊಟ್ಟೋಳೇ ನಾನು."

"ನಿಂದೇನಿದೆ ಬಿಡಮ್ಮ" ಎಂದಳು ಅಕ್ಕ. ಅವಳೇ ಆ ಹೆಂಗಸಿನ ಬೆನ್ನು ಸವರಿದಳು. ಎಷ್ಟೋ ಹೊತ್ತು ಅಂಗಡಿಯವಳೇ ಅಳುತ್ತಿದ್ದಳು, ಅಕ್ಕ ಸಮಾಧಾನ ಮಾಡುತ್ತಿದ್ದಳು.

ಆಮೇಲೆ ಅಕ್ಕ ಎದ್ದು ಅಂಗಡಿಯ ಹಿಂದಕ್ಕೆ ಹೋದಳು. ನಾನು ಹಿಂದೆಯೇ ಹೋದೆ. ಸುಟ್ಟ ಜಾಗದ ಅಂಚಿನಲ್ಲಿ ನಿಂತಳು, ಒಳಗೆ ಕಾಲಿಡಲಿಲ್ಲ. ಮಳೆಗೆ ಬೂದಿ ನೆನೆದು ನೆಲಕ್ಕೆ ಅಂಟಿತ್ತು. ಅಲ್ಲಿ ಯಾವುದು ಯಾರದ್ದು? ಅಲ್ಲಿ ನೋಡಲು ಏನೂ ಉಳಿದಿರಲಿಲ್ಲ, ನಿಲ್ಲಲು ಮಾತ್ರ ಇತ್ತು. ಅವಳು ನಿಂತಳು. ಬಿಸಿಲು ಏರುತ್ತಿತ್ತು.

ಆಗ ನನ್ನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಮಾಲೂರಿನಿಂದ ಮಗಳು. ಕಾದು ಕಾದು ಅವಳೇ ಮಾಡಿದ್ದಳು. ನಾನು ಎತ್ತಬೇಕೋ ಬೇಡವೋ ಎಂದು ನೋಡುತ್ತಿರುವಾಗಲೇ ಅಕ್ಕ ಕೈ ಚಾಚಿದಳು. ಕೊಟ್ಟೆ.

"ಹೂಂ ಕಣೇ" ಎಂದಳು ಅಕ್ಕ. "ಆಯ್ತು... ಹೂಂ, ಬಿಚ್ಚಿದೆ... ಇಲ್ಲ, ಏನೂ ಕಷ್ಟ ಆಗ್ಲಿಲ್ಲ, ದಾರ ನವೆದೋಗಿತ್ತಲ್ಲ, ಸಲೀಸಾಗಿ ಬಂತು... ಬಿಟ್ಟೆ, ನೀರಿಗೇ ಬಿಟ್ಟೆ. ಮೀನು ಬಂದ್ವು... ಅಳ್ಬೇಡ ಕಣೇ. ಅಳೋದೇನಿದೆ ಇದ್ರಲ್ಲಿ? ಹೋದ ಕಣೇ, ನಗ್ತಾ ಹೋದ. ಊಟ ಮಾಡಿದ್ಯಾ?"

ಸುಳ್ಳು ಬರಲಿಲ್ಲ ಎಂದು ಸ್ವಲ್ಪ ಹೊತ್ತಿನ ಮುಂಚೆ ಹೇಳಿದವಳು. ಫೋನನ್ನು ನನ್ನ ಕೈಗೆ ಕೊಟ್ಟು, "ಬಿಚ್ಚಿದ್ಲು ಅಂತ್ಲೇ ಹೇಳು, ಯಾರ್ ಕೇಳಿದ್ರೂ. ಅವಳಿಗೆ ಗೊತ್ತಾದ್ರೆ ಜೀವಮಾನ ಪೂರ್ತಿ ಇದನ್ನೇ ನೆನೆಸ್ಕೊಂಡು ಕೊರಗ್ತಾಳೆ" ಎಂದಳು. ಆಗ ನಾನು, "ನೀನು?" ಎಂದು ಕೇಳಿದೆ. ಅಥವಾ ಕೇಳಬೇಕೆಂದುಕೊಂಡೆ. ಅವಳು ಉತ್ತರ ಕೊಟ್ಟ ನೆನಪಿಲ್ಲದ್ದರಿಂದ ಕೇಳಿರಲಿಕ್ಕಿಲ್ಲ.

ಮಾವು ಮುಗಿಯುವ ಹೊತ್ತಿಗೆ ಅಕ್ಕ ಹೋದಳು. ಕೊನೆಯ ವಾರಗಳಲ್ಲಿ ನಾನೊಬ್ಬನೇ ಪಕ್ಕದಲ್ಲಿ ಕೂತಿದ್ದಾಗ ಅವಳು ಒಮ್ಮೆಯೂ ಆ ಮಾತು ಎತ್ತಲಿಲ್ಲ. ಮಗಳು ಇದ್ದಾಗ ಮಾತ್ರ, ಅವಳೇ ಕೇಳುತ್ತಿದ್ದಳೆಂದು, ಹೇಳುತ್ತಿದ್ದಳು. ಹೇಳಿದ ಸಲಕ್ಕೆ ಒಂದೊಂದು ಹೊಸದು ಸೇರುತ್ತಿತ್ತು. ಗಾಳಿ ನಿಂತಿತ್ತಂತೆ. ರಾಗಿ ಇನ್ನೂ ಕೆಡದೆ ಹಾಗೇ ಇತ್ತಂತೆ. ಕೊನೆಯ ಗಂಟು ಮಾತ್ರ ಸ್ವಲ್ಪ ಬಿಗಿಯಾಗಿತ್ತಂತೆ, ಹಲ್ಲಿನಿಂದ ಕಚ್ಚಿ ಬಿಡಿಸಿದಳಂತೆ. "ಅಲ್ವೇನೋ?" ಎಂದು ನನ್ನ ಕಡೆ ತಿರುಗುತ್ತಿದ್ದಳು. "ಹೂಂ" ಎನ್ನುತ್ತಿದ್ದೆ. ಅವಳು ಅದನ್ನು ಮಗಳಿಗೆ ಹೇಳುತ್ತಿದ್ದಳೋ, ತಾನು ಕೇಳಿಸಿಕೊಳ್ಳಲು ಹೇಳಿಕೊಳ್ಳುತ್ತಿದ್ದಳೋ, ಹತ್ತಿರವೇ ಕೂತಿದ್ದರೂ ನನಗೆ ತಿಳಿಯಲಿಲ್ಲ.

ತಿಥಿಯ ದಿನ ಬಂದವರಿಗೆಲ್ಲ ಮಗಳು ಹೇಳುತ್ತಿದ್ದಳು. "ಅಮ್ಮ ಎಲ್ಲಾ ಮುಗಿಸ್ಕೊಂಡೇ ಹೋದ್ಲು. ದೊಣೆಗೂ ಹೋಗಿ ಬಿಚ್ಚಿ ಬಂದಿದ್ಲು. ಮಾವನೇ ಕರ್ಕೊಂಡೋಗಿದ್ದು. ಕೇಳಿ ಬೇಕಾದ್ರೆ." ವಯಸ್ಸಾದ ಹೆಂಗಸರು ನನ್ನ ಕಡೆ ನೋಡುತ್ತಿದ್ದರು. ಅವರಲ್ಲಿ ಒಬ್ಬಿಬ್ಬರದ್ದೂ ಆ ಮರದ ಮೇಲೆ ಇದ್ದಿರಬೇಕು. ಮೇಲೆ ಈಗ ಏನೂ ಇಲ್ಲವೆಂದು ಅವರಿಗೆ ನಾನು ಹೇಳಲಿಲ್ಲ. ಹೇಳಿದರೆ ಅಕ್ಕನ ಮಾತು ಸುಳ್ಳಾಗುತ್ತಿತ್ತು. "ಹೌದು, ಬಿಚ್ಚಿದಳು" ಎಂದೆ. "ನೋಡ್ದಾ ನೀನು?" ಎಂದು ಒಬ್ಬಳು ಕೇಳಿದಳು. "ನೋಡಿದೆ" ಎಂದೆ.

ಅವರ ಕಣ್ಣು ತುಂಬಿದವು. ಮುಖದಲ್ಲಿ ಒಂದು ನೆಮ್ಮದಿ ಬಂತು. ನಾನು ಮತ್ತೆ ಮತ್ತೆ ಹೇಳಬೇಕಾಯಿತು, ಏಕೆಂದರೆ ಬಂದವರೆಲ್ಲ ಅದನ್ನೇ ಕೇಳಿದರು.

ಈಗ ನನಗೆ ಕಾಣುತ್ತದೆ. ಅಕ್ಕ ಕೊಂಬೆಯ ಕೆಳಗೆ ನಿಂತಿದ್ದಾಳೆ. ಗಂಟಿನ ಮೇಲೆ ಬೆರಳುಗಳು. ಒಂದೊಂದೇ ಸುತ್ತು ಬಿಚ್ಚಿಕೊಳ್ಳುತ್ತಿದೆ, ಕೊನೆಯದನ್ನು ಹಲ್ಲಿನಿಂದ ಕಚ್ಚುತ್ತಾಳೆ. ಗಾಳಿ ನಿಂತಿದೆ. ಇಷ್ಟು ಸ್ಪಷ್ಟವಾಗಿ ನನಗೆ ಆ ದಿನದ ಬೇರೇನೂ ಕಾಣುವುದಿಲ್ಲ, ಸುಟ್ಟ ನೆಲವೂ ಕೂಡ. ಅದು ನಡೆಯಲಿಲ್ಲ. ನಡೆಯಲಿಲ್ಲ ಎಂದು ಬಲ್ಲವನು ಈಗ ನಾನೊಬ್ಬನೇ, ಅದಕ್ಕೇ ಇಷ್ಟನ್ನು ಬರೆದಿಟ್ಟಿದ್ದೇನೆ. ಬರೆಯದಿದ್ದರೆ ಇನ್ನು ಸ್ವಲ್ಪ ದಿನದಲ್ಲಿ ನಾನೂ ನಂಬಿಬಿಡುತ್ತಿದ್ದೆ, ಮತ್ತು ಅವಳು ಆ ಬೆಟ್ಟವನ್ನು ಬರಿಗೈಯಲ್ಲಿ ಇಳಿದದ್ದು ಯಾರಿಗೂ ಗೊತ್ತಿರುತ್ತಿರಲಿಲ್ಲ.